ಮೂರೋ ಎಂಟೋ

ಚರ್ಚಿನ ರಿಜಿಸ್ಟರ್ ಪ್ರಕಾರ ನಮ್ಮ ಅಜ್ಜ-ಅಜ್ಜಿಯ ಮದುವೆ ಆದದ್ದು 1938ರಲ್ಲಿ. ಅವರ ಹಿರಿಯ ಮಗ, ಅಂದ್ರೆ ನಮ್ಮ ದೊಡ್ಡಪ್ಪ, ಹುಟ್ಟಿದ್ದು 1936ರಲ್ಲಿ.

ಈ ಎರಡು ಸಾಲು ಹೇಳಿದ್ದೇ ತಡ, ಮನೆಯವರೆಲ್ಲ ಓದುವ ಕನ್ನಡಕ ಹುಡುಕತೊಡಗಿದರು. ಮೊಬೈಲ್‌ನಲ್ಲಿ ಫೋಟೋ ದೊಡ್ಡದು ಮಾಡಿ ನೋಡಿದ ಅತ್ತೆ "ಇದು ಎಂಟಲ್ಲ, ಮೂರು. 1933" ಅಂತ ತೀರ್ಪು ಕೊಟ್ರು. ಚಿಕ್ಕಪ್ಪ "ಹಂಗಾದ್ರ ತಿದ್ದಿಸ್ಕೊಂಡು ಬಾ" ಅಂದ್ರು, ರೇಷನ್ ಕಾರ್ಡ್‌ನಲ್ಲಿ ಹೆಸರು ತಿದ್ದಿಸಿದಷ್ಟು ಸಲೀಸಾಗಿ. ಅಪ್ಪ ಏನೂ ಹೇಳದೆ ಎದ್ದು ಹೋಗಿ ಗಿಡಕ್ಕೆ ನೀರು ಹಾಕಿದ್ರು. ಆಗಲೇ ಒಮ್ಮೆ ಹಾಕಿಯಾಗಿತ್ತು.

ದೊಡ್ಡಪ್ಪನಿಗೆ ಎಂಬತ್ತು ತುಂಬುವ ದಿನಕ್ಕೆ ಮನೆತನದ ವಂಶವೃಕ್ಷ ಮಾಡಿಸಿ, ಫ್ರೇಮ್ ಹಾಕಿಸಿ ಕೊಡೋದು ಅಂತ ನಾವು ಕಸಿನ್ಸ್ ಎಲ್ಲ ಸೇರಿ ತೀರ್ಮಾನ ಮಾಡಿದ್ವಿ. ಬೆಂಗಳೂರಿನಲ್ಲಿ ಕೂತು ಎಕ್ಸೆಲ್ ಶೀಟ್ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಅರ್ಧ ಶೀಟ್ ಖಾಲಿ ಉಳಿದಾಗ ರಜೆ ಹಾಕಿ ರಾತ್ರಿ ರೈಲಿನಲ್ಲಿ ಬಳ್ಳಾರಿ ಕಂಟೋನ್ಮೆಂಟ್‌ಗೆ ಬಂದೆ.

ಕಂಟೋನ್ಮೆಂಟ್ ಅಂದ್ರೆ ಈಗ ಬಹಳ ಜನಕ್ಕೆ ಒಂದು ರೈಲ್ವೆ ಸ್ಟೇಷನ್. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ದಂಡು ಬಂತು. ದಂಡಿನ ಹಿಂದೆ ಬಟ್ಲರ್, ಆಯಾ, ದರ್ಜಿ, ಬ್ರೆಡ್ ಸುಡುವವರು, ಕುದುರೆ ನೋಡಿಕೊಳ್ಳುವವರು ಬಂದರು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದ. ಬೈಬಲ್ಲನ್ನು ಕನ್ನಡಕ್ಕೆ ತಂದವರಲ್ಲಿ ಅವನೂ ಒಬ್ಬ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು, ಪಕ್ಕದ ಮನೆಯಲ್ಲಿ ತಮಿಳು. ಮದುವೆಯ ರಿಜಿಸ್ಟರ್ ಮಾತ್ರ ಇಂಗ್ಲಿಷಿನಲ್ಲಿ. ಹೇಳಿದವರ ನಾಲಿಗೆ ಒಂದು, ಕೇಳಿದವನ ಕಿವಿ ಇನ್ನೊಂದು, ಬರೆದ ಲಿಪಿ ಮತ್ತೊಂದು. ಇಷ್ಟಾದ ಮೇಲೂ ಹೆಸರುಗಳು ಗುರುತು ಸಿಗುವಂತೆ ಉಳಿದಿರೋದೇ ಆಶ್ಚರ್ಯ.

ಕೆಲವು ತಪ್ಪುಗಳು ಬರೆದವನದ್ದಲ್ಲ, ಕಾಲಮ್ಮಿನದ್ದು. ಹೆಸರಿನ ಪಕ್ಕ 'ಸರ್‌ನೇಮ್' ಅಂತ ಒಂದು ಖಾನೆ. ನಮ್ಮಲ್ಲಿ ಸರ್‌ನೇಮ್ ಎಲ್ಲಿತ್ತು? ಅಜ್ಜನ ಮದುವೆಯಲ್ಲಿ ಆ ಜಾಗದಲ್ಲಿ ಊರಿನ ಹೆಸರು ಕುರುಗೋಡು ಅಂತಿದೆ. ಅಜ್ಜನ ತಮ್ಮನ ಮದುವೆಯಲ್ಲಿ ಅವರ ಅಪ್ಪನ ಹೆಸರಿದೆ. ಒಂದೇ ತಾಯಿಯ ಮಕ್ಕಳು ಕಾಗದದ ಮೇಲೆ ಸಂಬಂಧವೇ ಇಲ್ಲದವರು. ವಯಸ್ಸಿನ ಖಾನೆಯಂತೂ ಕೇಳಲೇಬೇಡಿ. 1930ರ ಏಪ್ರಿಲ್ 1ರಿಂದ ಶಾರದಾ ಕಾಯ್ದೆ ಜಾರಿಗೆ ಬಂದು ಹುಡುಗಿಗೆ ಹದಿನಾಲ್ಕು ತುಂಬಿರಬೇಕು ಅಂತಾಯ್ತು. ಆಮೇಲಿನ ಪುಟಗಳಲ್ಲಿ ನಾನು ನೋಡಿದ ಮದುಮಗಳಂದಿರಲ್ಲಿ ಹೆಚ್ಚಿನವರಿಗೆ ಹದಿನೈದೇ ವರ್ಷ. ಅಷ್ಟೊಂದು ಹುಡುಗಿಯರು ಒಂದೇ ವಯಸ್ಸಿನಲ್ಲಿ ಮದುವೆ ಆದರು ಅಂತ ನಂಬೋಕೆ ನಾನು ತಯಾರಿಲ್ಲ.

ಸಿರುಗುಪ್ಪದ ಗೆಳತಿಯೊಬ್ಬಳಿಗೆ ಇದನ್ನೆಲ್ಲ ಹೇಳಿದಾಗ "ನಿಮ್ಮದು ಎಷ್ಟೋ ವಾಸಿ, ಇಸವಿ ಆದ್ರೂ ಇದೆ" ಅಂದಳು. ಅವಳ ಮುತ್ತಜ್ಜನ ಲಗ್ನಪತ್ರಿಕೆಯಲ್ಲಿ ಇಸವಿಯೇ ಇಲ್ಲ; 'ಚಿತ್ರಭಾನು ಸಂವತ್ಸರದ ಮಾಘ ಮಾಸ' ಅಂತಷ್ಟೇ ಇದೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತೆ. 1942ರ ಯುಗಾದಿಗೆ ಶುರುವಾದದ್ದೂ ಚಿತ್ರಭಾನು, 1882ರದ್ದೂ ಚಿತ್ರಭಾನು. ಮಾಘ ಬರುವ ಹೊತ್ತಿಗೆ ಇಂಗ್ಲಿಷ್ ಕ್ಯಾಲೆಂಡರ್ ಬದಲಾಗಿರುತ್ತೆ, ಹಾಗಾಗಿ ಮದುವೆ 1943ರದ್ದು. ಅದರ ಮೇಲೆ, ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಗುರುವಾರ ರಾತ್ರಿ ಕಳೆದು ಬೆಳಗಿನ ಜಾವ ನಾಲ್ಕಕ್ಕೆ ಮುಹೂರ್ತ ಇದ್ರೆ ಪುರೋಹಿತರಿಗೆ ಅದು ಗುರುವಾರ, ಸರ್ಕಾರಕ್ಕೆ ಶುಕ್ರವಾರ. ಮದುವೆ ದಿನವೇ ಹುಡುಗಿಯ ಹೆಸರು ಬದಲಿಸುವ ಮನೆಗಳಲ್ಲಿ ತವರಿನ ಕಾಗದದ ಹುಡುಗಿ, ಗಂಡನ ಮನೆ ಕಾಗದದ ಹೆಂಗಸು ಒಬ್ಬಳೇ ಅಂತ ಸಾಬೀತು ಮಾಡೋದೇ ಒಂದು ಕೇಸು.

ಸರಿ, ನಮ್ಮ ಮೂರು-ಎಂಟರ ಜಗಳಕ್ಕೆ ಬರೋಣ. ಇದನ್ನು ಬಿಡಿಸೋಕೆ ಭೂತಗನ್ನಡಿ ಬೇಕಿರಲಿಲ್ಲ. ರಿಜಿಸ್ಟರ್ ಅನ್ನೋದು ಒಂದರ ಕೆಳಗೊಂದು ಬರೆದುಕೊಂಡು ಹೋಗುವ ಪುಸ್ತಕ, ಪ್ರತಿ ಮದುವೆಗೂ ಒಂದು ನಂಬರ್. ಅಜ್ಜನ ಮದುವೆಯ ಮೇಲಿನದ್ದೂ 1938, ಕೆಳಗಿನದ್ದೂ 1938. ಅತ್ತೆಯ ಮೂರು ಅಲ್ಲಿಗೆ ಬಿದ್ದುಹೋಯ್ತು. ಇನ್ನು ದೊಡ್ಡಪ್ಪನ ಹುಟ್ಟಿದ ವರ್ಷವೇ ತಪ್ಪಿರಬಹುದಾ? ಆ ಕಾಲದಲ್ಲಿ ಸ್ಕೂಲಿಗೆ ಸೇರಿಸುವಾಗ ಹೆಡ್‌ಮಾಸ್ಟರ್ ಹಾಕಿದ್ದೇ ಜನ್ಮದಿನ, ಊರಿನ ಅರ್ಧ ಹುಡುಗರು ಜೂನ್‌ನಲ್ಲೇ ಹುಟ್ಟಿದವರು. ಆದ್ರೆ ದೀಕ್ಷಾಸ್ನಾನದ ರಿಜಿಸ್ಟರ್ ಸಿಕ್ಕಿತು. ಅಜ್ಜ-ಅಜ್ಜಿಯ ಮದುವೆಯಾಗಿ ಎರಡು ತಿಂಗಳಿಗೆ ದೊಡ್ಡಪ್ಪನಿಗೆ ದೀಕ್ಷಾಸ್ನಾನ ಆಗಿದೆ. ವಯಸ್ಸು: ಎರಡು ವರ್ಷ. ತಾಯಿಯ ಖಾನೆಯಲ್ಲಿ ನಮ್ಮ ಅಜ್ಜಿಯ ಹೆಸರು.

ಈಗ ಹೊಳೆದಿರಬೇಕಲ್ಲ, ಅಪ್ಪ ಎರಡನೇ ಸಲ ಗಿಡಕ್ಕೆ ನೀರು ಹಾಕಿದ್ದು ಯಾಕೆ ಅಂತ.

ಆದ್ರೆ ಮದುವೆಯ ರಿಜಿಸ್ಟರಿನಲ್ಲಿ ಎಲ್ಲರೂ ದಾಟಿ ಹೋದ ಇನ್ನೊಂದು ಖಾನೆಯಿತ್ತು. ಅದರ ತಲೆಬರಹ 'ಕಂಡಿಷನ್'. ಸೆಕೆಂಡ್ ಹ್ಯಾಂಡ್ ಬೈಕಿನ ಕಂಡಿಷನ್ ಅಲ್ಲ. ಮದುವೆಗೆ ಮುಂಚೆ ನೀವು ಏನಾಗಿದ್ರಿ ಅಂತ. ಅಜ್ಜಿಯ ಮುಂದೆ 'ಸ್ಪಿನ್‌ಸ್ಟರ್'. ಅಜ್ಜನ ಮುಂದೆ, ಯಾವ ಗೊಂದಲಕ್ಕೂ ಜಾಗವಿಲ್ಲದ ದುಂಡನೆಯ ಅಕ್ಷರದಲ್ಲಿ, 'ವಿಡೋವರ್'.

ಫೋನ್ ಮಾಡಿ ಹೇಳಿದೆ. "ಬರೆದೋನ ತಪ್ಪು" ಅಂದ್ರು ಅತ್ತೆ, ಉಸಿರು ತಗೊಳ್ಳದೆ. ತಪ್ಪು ಅನ್ನೋ ಪದ ಎಷ್ಟು ಅನುಕೂಲ ನೋಡಿ. ನಮಗೆ ಬೇಡದ್ದೆಲ್ಲ ಸತ್ತುಹೋದ ಯಾವನೋ ಗುಮಾಸ್ತನ ತಲೆಗೆ ಕಟ್ಟಬಹುದು.

ಸಮಾಧಿಯ ರಿಜಿಸ್ಟರ್ ತೆಗೆಸಿದೆ. 1936, ದೊಡ್ಡಪ್ಪ ಹುಟ್ಟಿದ ಮೂರನೇ ದಿನ. ಕಾರಣ: ಹೆರಿಗೆ. ವಯಸ್ಸು: ಹದಿನೈದು. ಹೆಸರಿನ ಜಾಗದಲ್ಲಿ ಹೆಸರಿಲ್ಲ, 'ಇಂಥವರ ಹೆಂಡತಿ' ಅಂತ ಅಜ್ಜನ ಹೆಸರಿದೆ. ಮದುವೆಯ ಪುಟಗಳಲ್ಲಿ ಹಿಂದಕ್ಕೆ ಹೋದೆ. 1935ರಲ್ಲಿ ಸಿಕ್ಕಳು. ಅಲ್ಲೂ ವಯಸ್ಸು ಹದಿನೈದೇ. ಸಹಿಯ ಜಾಗದಲ್ಲಿ ಗುಣಾಕಾರದ ಗುರುತು, ಅಡ್ಡಲಾಗಿ 'ಇವಳ ಗುರುತು' ಅನ್ನೋ ಅರ್ಥದ ಎರಡು ಇಂಗ್ಲಿಷ್ ಪದ. ಹೆಸರಿನ ನಡುವಿನ ಅಕ್ಷರಗಳನ್ನು ಹುಳ ತಿಂದಿದೆ. ಉಳಿದದ್ದನ್ನು ಎರಡು ರೀತಿ ಓದಬಹುದು: ಒಂದು ಬೈಬಲ್ಲಿನ ಹೆಸರು, ಇನ್ನೊಂದು ನಮ್ಮ ಕಡೆ ಮನೆಗೊಬ್ಬರಿರುವ ಹೆಸರು. ಎರಡನ್ನೂ ಇಲ್ಲಿ ಬರೆಯಲ್ಲ, ಅದು ಮನೆಯೊಳಗಿನದ್ದು.

ಇದರ ಪ್ರತಿ ಇನ್ನೆಲ್ಲಾದರೂ ಇರಬಹುದಾ ಅಂತ ಹುಡುಕಿದೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿತ್ತು, ಆಗಿನ ಕಾಗದಗಳೆಲ್ಲ ಆ ದಿಕ್ಕಿಗೇ ಹೋಗಿವೆ. ಮದ್ರಾಸಿನಿಂದ ಆಯ್ದ ಕೆಲವು ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಬ್ರಿಟಿಷ್ ಲೈಬ್ರರಿಯಲ್ಲಿ ಇವತ್ತಿಗೂ ಇವೆ, ಇಂಟರ್‌ನೆಟ್ಟಿನಲ್ಲೂ ಸಿಗ್ತವೆ. ಇಲ್ಲಿ ಮದುವೆಯಾದ ಬ್ರಿಟಿಷ್ ಸಾರ್ಜೆಂಟ್‌ನ ಮರಿಮಗ ಮನೆಯಲ್ಲಿ ಚಹಾ ಕುಡೀತಾ ಅವನ ಮದುವೆ ಹುಡುಕಿ ತೆಗೀಬಹುದು. ಅದೇ ಸಾರ್ಜೆಂಟ್‌ಗೆ ಚಹಾ ಮಾಡಿಕೊಟ್ಟ ಬಟ್ಲರನ ಹೆಂಡತಿಯನ್ನು ನಾನು ಅಲ್ಲಿ ಹುಡುಕಿ ಸೋತೆ. ಅವಳಿಗೆ ಇರೋದು ಹುಳ ತಿಂದ ಆ ಒಂದು ಸಾಲು.

ದೊಡ್ಡಪ್ಪನಿಗೆ ಹೇಳಬೇಕಾ ಬೇಡವಾ ಅಂತ ಮನೆಯಲ್ಲಿ ಎರಡು ದಿನ ಚರ್ಚೆ. ಎಂಬತ್ತು ವರ್ಷ ಅವ್ವ ಅಂದವಳು ಅವ್ವ ಅಲ್ಲ ಅಂತ ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡೋದಾ ಅಂತ ಅತ್ತೆ ಅತ್ತರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಆದ್ರೆ ಚಾರ್ಟಿನಲ್ಲಿ 1933 ಅಂತ ಬರೆದು ಗೋಡೆಗೆ ತೂಗುಹಾಕಿದ್ರೆ, ಹದಿನೈದೋ ಹದಿಮೂರೋ ವರ್ಷದ ಆ ಹುಡುಗಿಯನ್ನು ನಾವೇ ಇನ್ನೊಂದು ಸಲ ಹೂತ ಹಾಗೆ. ಕೊನೆಗೆ ಅಪ್ಪ "ಹೇಳು, ಆದ್ರ ಮೆಲ್ಲಕ ಹೇಳು" ಅಂದ್ರು.

ದೊಡ್ಡಪ್ಪ ಅರ್ಧಕ್ಕೇ ತಡೆದರು. "ಗೊತ್ತೈತಿ ಬಿಡವ್ವಾ. ಅವ್ವನ ಹೇಳಿದ್ಲು, ತಾನು ಸಾಯೋ ಮುಂದ. ನಾನ ಯಾರಿಗೂ ಹೇಳಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಆಕಿ ಹೆಸರು ಏನಂತ ಬರ್ದಾರ? ಅವತ್ತು ಅವ್ವನ್ನ ಕೇಳಾಕ ಮನಸು ಬರ್ಲಿಲ್ಲ."

ಎರಡೂ ಹೆಸರು ಹೇಳಿದೆ. ಒಂದೊಂದನ್ನೂ ಎರಡೆರಡು ಸಲ ಹೇಳಿಸಿದರು.

ರಿಜಿಸ್ಟರ್ ತೋರಿಸಿದ ಪಾದ್ರಿಯವರು ಮೊದಲ ದಿನವೇ ನನಗೊಂದು ವಿಷಯ ಹೇಳಿದ್ರು. 1872ರ ಕ್ರೈಸ್ತ ವಿವಾಹ ಕಾಯ್ದೆಯ 78ನೇ ಸೆಕ್ಷನ್ ಪ್ರಕಾರ, ರಿಜಿಸ್ಟರಿನಲ್ಲಿ ತಪ್ಪು ಕಂಡರೂ ಮೂಲದ ಬರಹವನ್ನು ಹೊಡೆದುಹಾಕುವ ಹಾಗಿಲ್ಲ. ಮದುವೆಯಾದವರ ಎದುರು, ಅವರಿಲ್ಲದಿದ್ರೆ ಇಬ್ಬರು ನಂಬಿಕಸ್ಥ ಸಾಕ್ಷಿಗಳ ಎದುರು, ಪಕ್ಕದ ಮಾರ್ಜಿನ್ನಿನಲ್ಲಿ ಸರಿಯಾದದ್ದನ್ನು ಬರೆದು, ತಾರೀಖು ಹಾಕಿ ಸಹಿ ಮಾಡಬೇಕು. ತಿದ್ದುವ ಕೆಲಸವೂ ಚರ್ಚಿನದ್ದು, ನಮ್ಮ ಚಿಕ್ಕಪ್ಪನದ್ದಲ್ಲ. ಇಷ್ಟಕ್ಕೂ ನಮ್ಮ ರಿಜಿಸ್ಟರಿನಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಮಾರ್ಜಿನ್ ಬೇಕಾಗಿದ್ದು ನಮ್ಮ ಚಾರ್ಟಿಗೆ. ಅಜ್ಜನ ಡಬ್ಬಿಯ ಬಲಗಡೆ ಅಜ್ಜಿ, 1938. ಎಡಗಡೆ ಇನ್ನೊಂದು ಡಬ್ಬಿ, 1935. ದೊಡ್ಡಪ್ಪನಿಂದ ಎರಡೂ ಕಡೆಗೆ ಗೆರೆ. ಅದು ಅವರದ್ದೇ ಆರ್ಡರ್.

ಪ್ರಿಂಟಿಂಗ್ ಅಂಗಡಿಯ ಹುಡುಗ ಪ್ರೂಫ್ ನೋಡಿ ಫೋನ್ ಮಾಡಿದ. "ಮೇಡಂ, ಎಡಗಡೆ ಡಬ್ಬಿಯಲ್ಲಿ ಎರಡು ಹೆಸರು ಬಂದಾವ್ರೀ. ಯಾವುದು ತೆಗೀಲಿ?"

ಎರಡೂ ಇರಲಿ ಅಂದೆ. ಹಂಗಾದ್ರೆ ಅಕ್ಷರ ಸಣ್ಣದು ಮಾಡಬೇಕಾಗುತ್ತೆ ಅಂದ. ಡಬ್ಬಿ ದೊಡ್ಡದು ಮಾಡು ಅಂದೆ.