ಉಪ್ಪುನೀರಿನ ಕಳೆ

ನಮ್ಮೂರಲ್ಲಿ ಪಾಚಿಯನ್ನು ಯಾರೂ ಹೆಸರಿಟ್ಟು ಕರೆದದ್ದಿಲ್ಲ. ತೀರ್ಥಹಳ್ಳಿ ಕಡೆ ಮಳೆಗಾಲ ಹಿಡೀತು ಅಂದ್ರೆ ಅಂಗಳ, ಬಾವಿಕಟ್ಟೆ, ಬಚ್ಚಲಕಲ್ಲು ಎಲ್ಲಾ ಕಡೆ ಅದೇ. ಅಡಿಕೆ ದಬ್ಬೆ ಹಾಸಿ ಅದರ ಮೇಲೆ ಓಡಾಡೋದು, ಜಾರಿ ಬಿದ್ದವರು ಬೈಯೋದು, ಅಷ್ಟೇ ಸಂಬಂಧ. ನ್ಯೂಜೆರ್ಸಿಗೆ ಬಂದು ಮನೆಯೊಳಗೆ ಹವಳದ ತೊಟ್ಟಿ ಇಟ್ಟಮೇಲೆ ಗೊತ್ತಾಯ್ತು, ಪಾಚಿಗೂ ನಮ್ಮ ಹಾಗೆ ಜಾತಿ, ಒಳಪಂಗಡ ಎಲ್ಲ ಇದೆ ಅಂತ. ಕಂದು ಧೂಳಿನಂಥ ಡಯಾಟಮ್, ಜರೀಗಿಡದ ಗರಿಯಂಥ ಬ್ರಯಾಪ್ಸಿಸ್, ಗೋಲಿಯಂಥ ಬಬಲ್ ಆಲ್ಗೆ. ನನ್ನ ಪಾಲಿಗೆ ಬಂದದ್ದು ಹೇರ್ ಆಲ್ಗೆ. ಹೆಸರೇ ಹೇಳುವ ಹಾಗೆ ಕೂದಲು. ಕಲ್ಲಿಗೆಲ್ಲ ಹಸಿರು ಜಡೆ.

ಹೋದ ವರ್ಷ ಜುಲೈನಲ್ಲಿ ಅಪ್ಪಯ್ಯನಿಗೆ ಬೈಪಾಸ್ ಆಯ್ತು. ಐದು ವಾರ ಊರಲ್ಲೇ ಇದ್ದೆ. ಇಲ್ಲಿ ತೊಟ್ಟಿ ನೋಡಿಕೊಂಡ ಗೆಳೆಯ, ಪಾಪ, ಮೀನು ಹಸಿದಿರಬಾರದು ಅಂತ ಮದುವೆಮನೆಯಲ್ಲಿ ಒತ್ತಾಯ ಮಾಡಿ ಬಡಿಸೋ ಹಾಗೆ ಬಡಿಸಿದ್ದ. ಮೀನು ತಿಂದು ಉಳಿದದ್ದು ಕೊಳೆತು ನೈಟ್ರೇಟ್ ಆಗುತ್ತೆ, ಫಾಸ್ಫೇಟ್ ಆಗುತ್ತೆ. ಅಡಿಕೆ ಬುಡಕ್ಕೆ ಹಾಕೋ ಸಾರಜನಕ, ರಂಜಕ ಅಂದ್ರೆ ಇದೇ. ನಾನು ವಾಪಸ್ ಬರುವಾಗ ಎಪ್ಪತ್ತೈದು ಗ್ಯಾಲನ್ನಿನ ತೊಟ್ಟಿ ಗದ್ದೆಯಾಗಿತ್ತು. ಆರು ವರ್ಷದಿಂದ ಸಾಕಿದ ಹ್ಯಾಮರ್ ಕೋರಲ್ ಹಸಿರಿನ ನಡುವೆ ಮುದುಡಿಕೊಂಡು ಕೂತಿತ್ತು. ಹವಳಕ್ಕೆ ಬೆಳಕು ಬೇಕು. ಅದರ ಮೈಯೊಳಗೇ ವಾಸ ಮಾಡೋ ಸೂಕ್ಷ್ಮ ಪಾಚಿ ಆ ಬೆಳಕಿಂದ ಆಹಾರ ಮಾಡಿಕೊಡುತ್ತೆ. ಮೇಲಿನ ಪಾಚಿ ನೆರಳು ಹಾಕಿದರೆ ಒಳಗಿನ ಪಾಚಿಗೂ ಉಪವಾಸ, ಹವಳಕ್ಕೂ ಉಪವಾಸ.

ನವೆಂಬರಿನಲ್ಲಿ ಅಪ್ಪಯ್ಯ, ಅಮ್ಮ ಬಂದರು. ಆ ವರ್ಷದ ಫಸಲು ಚೇಣಿಗೆ ಕೊಟ್ಟಾಗಿತ್ತು. ಭಾರ ಎತ್ತಬಾರದು ಅಂದಿದ್ದರು ಡಾಕ್ಟರು. ಹೊರಗೆ ಚಳಿ, ನಾಲ್ಕೂವರೆಗೆ ಕತ್ತಲೆ. ಕಿಟಕಿ ಹತ್ತಿರ ಕುರ್ಚಿ ಹಾಕಿಕೊಂಡು ರಸ್ತೆ ನೋಡ್ತಾ ಕೂರೋರು. ಒಂದಿನ ಅಮ್ಮನ ಹತ್ತಿರ "ಇಲ್ಲಿ ನಾನೊಂದು ದಂಡಪಿಂಡ" ಅಂದದ್ದು ಕೇಳಿಸ್ತು. ಅರವತ್ತೆಂಟು ವರ್ಷ ಒಂದು ದಿನವೂ ಸುಮ್ಮನೆ ಕೂರದ ಮನುಷ್ಯ. ಊಟ ಕಡಿಮೆಯಾಗಿತ್ತು. ನನಗೆ ಹವಳಕ್ಕಿಂತ ಆ ಕುರ್ಚಿಯದ್ದೇ ಚಿಂತೆ.

ಒಂದು ಭಾನುವಾರ ನಾನು ತೊಟ್ಟಿಗೆ ಕೈ ಹಾಕಿ ಒದ್ದಾಡೋದನ್ನ ನೋಡಿ ಎದ್ದು ಬಂದರು.

"ಅಲ್ಲ ಮಾರಾಯ, ಇದಕ್ಕೆಂಥ ಕಷ್ಟ? ಒಂಚೂರು ಮೈಲುತುತ್ತ ಹಾಕು."

ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಹೊಡೆದ ಕೈ ಅದು. ತಪ್ಪೇನಲ್ಲ, ತಾಮ್ರ ಪಾಚಿಯನ್ನು ಕೊಲ್ಲುತ್ತೆ. ಆದರೆ ಹವಳ, ಸೀಗಡಿ, ಬಸವನಹುಳು ಮೊದಲು ಸಾಯುತ್ತವೆ. ಸಾಲದ್ದಕ್ಕೆ ಆ ತಾಮ್ರ ಕಲ್ಲಿನೊಳಗೆ ಕೂತು ಆಮೇಲೂ ಬಿಡ್ತಾ ಇರುತ್ತೆ. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಕೈಯಲ್ಲೇ ಕೀಳ್ಬೇಕು" ಅಂದರು.

ಮಾರನೇ ದಿನದಿಂದ ಅದು ಅವರ ಕೆಲಸ. ನಾನು ಸ್ಟ್ಯಾಂಡಪ್ ಕಾಲಿನಲ್ಲಿ ಕೂತಿರುವಾಗ ಹಿಂದೆ ಹಳೇ ಟೂತ್‌ಬ್ರಷ್ಷಿನ ಸದ್ದು. ಕಿತ್ತ ಚೂರು ನೀರಲ್ಲಿ ತೇಲಿದರೆ ಇನ್ನೊಂದು ಕಡೆ ಹಿಡಿದುಕೊಳ್ಳುತ್ತೆ. ಅದಕ್ಕೆ ಒಂದು ಕೈಯಲ್ಲಿ ಪೈಪು ಹಿಡಿದು, ಕೀಳ್ತಾ ಕೀಳ್ತಾ ಬಕೆಟ್ಟಿಗೆ ಎಳೆಯಬೇಕು. ಬಕೆಟ್ ಎತ್ತೋದು ನಾನು. ಕೈಗೆ ಅಮೃತಾಂಜನ್ ಹಚ್ಚಿದ ದಿನ ತೊಟ್ಟಿಗೆ ರಜೆ ಅಂತ ಒಂದು ಕಾನೂನೂ ಮಾಡಿದ್ವಿ. ಬರೀ ಕಿತ್ತರೆ ಸಾಲದು, ಗೊಬ್ಬರ ನಿಲ್ಲಿಸಬೇಕು ಅನ್ನೋದನ್ನ ನಾನು ಅವರಿಗೆ ಹೇಳಿಕೊಡಬೇಕಾಗಿ ಬರಲಿಲ್ಲ. ಆದರೆ ಟೆಸ್ಟ್ ಕಿಟ್ ಮಾತ್ರ ಅವರಿಗೆ ನಗು ತರಿಸಿತು. ತೊಟ್ಟಿ ತುಂಬ ಪಾಚಿ, ಕಿಟ್ಟಿನಲ್ಲಿ ಫಾಸ್ಫೇಟ್ 0.02. "ಕಳೆ ಎಲ್ಲಾ ತಿಂದ ಮೇಲೆ ಮಣ್ಣು ಪರೀಕ್ಷೆ ಮಾಡಿದ್ರೆ ಇನ್ನೇನು ಸಿಗುತ್ತೆ?" ಈ ಒಂದು ವಾಕ್ಯ ಅರ್ಥವಾಗದೆ ಎಷ್ಟು ಜನ ತಮ್ಮ ತೊಟ್ಟಿಯಲ್ಲಿ ಫಾಸ್ಫೇಟೇ ಇಲ್ಲ ಅಂತ ವಾದ ಮಾಡೋದನ್ನ ನಾನು ನೋಡಿದ್ದೇನೆ.

ಊಟ ಅರ್ಧ ಮಾಡಿದ್ವಿ. ನಲ್ಲಿ ನೀರು ಹೇಗೂ ಬಳಸೋ ಹಾಗಿಲ್ಲ. ಹಳೇ ಪೈಪಿನ ಸೀಸ ಕರಗದಿರಲಿ ಅಂತ ಅಮೆರಿಕಾದ ಎಷ್ಟೋ ಊರುಗಳಲ್ಲಿ ನೀರಿಗೇ ಫಾಸ್ಫೇಟ್ ಸೇರಿಸುತ್ತಾರೆ. ಆರ್‌ಓ ಡಿಐ ಫಿಲ್ಟರಿನಲ್ಲಿ ಸೋಸಿ, ಟಿಡಿಎಸ್ ಸೊನ್ನೆ ಮಾಡಿ, ಉಪ್ಪು ಕಲಸಿ ವಾರಕ್ಕೊಮ್ಮೆ ನೀರು ಬದಲಿಸಿದೆ. ಆಮೇಲೆ ಜಿಎಫ್ಓ ತಂದೆ. ಕಬ್ಬಿಣದ ತುಕ್ಕಿನ ಹರಳು, ಫಾಸ್ಫೇಟನ್ನು ಹಿಡಿದಿಟ್ಟುಕೊಳ್ಳುತ್ತೆ. ಅಪ್ಪಯ್ಯ ಅಂಗೈಯಲ್ಲಿ ಹಾಕಿಕೊಂಡು ನೋಡಿ, "ಇದು ನಮ್ಮ ಗುಡ್ಡದ ಮಣ್ಣಲ್ವನಾ" ಅಂದರು. ನಿಜವೇ. ಮಲೆನಾಡಿನ ಕೆಂಪು ಮಣ್ಣಿನಲ್ಲಿರೋ ಕಬ್ಬಿಣವೂ ರಂಜಕವನ್ನು ಹೀಗೇ ಹಿಡಿದುಕೊಂಡು ಬೇರಿಗೆ ಬಿಟ್ಟುಕೊಡಲ್ಲ. ತೋಟದಲ್ಲಿ ತಲೆನೋವು, ತೊಟ್ಟಿಯಲ್ಲಿ ಔಷಧಿ! ಹಾಗಂತ ಒಂದೇ ಸಲ ಸುರಿಯೋ ಹಾಗಿಲ್ಲ. ಫಾಸ್ಫೇಟ್ ಪೂರ್ತಿ ಸೊನ್ನೆಯಾದರೆ ಹವಳ ಸೊರಗುತ್ತೆ, ಖಾಲಿ ಜಾಗಕ್ಕೆ ಡೈನೋಫ್ಲಾಜೆಲೇಟ್ ಅನ್ನೋ ಲೋಳೆ ಬರುತ್ತೆ. ಅದರ ಮುಂದೆ ಹೇರ್ ಆಲ್ಗೆ ದೇವರಂಥದ್ದು.

ಕೆಳಗಿನ ಸಂಪಿನಲ್ಲಿ ಕೀಟೋ ಅನ್ನೋ ಇನ್ನೊಂದು ಪಾಚಿ ಬಿಟ್ಟು ರಾತ್ರಿ ದೀಪ ಹಾಕಿದ್ವಿ. ಪಾತ್ರೆ ತಿಕ್ಕೋ ನಾರಿನ ಥರ ಇರುತ್ತೆ, ಅಮ್ಮ ಒಂದು ಸಲ ಅದನ್ನ ಸಿಂಕಿಗೆ ಒಯ್ಯೋದರಲ್ಲಿದ್ದರು. ಅದು ಗೊಬ್ಬರ ತಿಂದು ಬೆಳೆಯುತ್ತೆ, ನಾವು ಹಿಡಿಯಷ್ಟು ಕಿತ್ತು ಬಿಸಾಕೋದು.

ಉದ್ದ ಪಾಚಿ ಹೋದಮೇಲೆ ಮೇಯೋರನ್ನ ತಂದ್ವಿ: ಎಂಟು ಟರ್ಬೋ ಬಸವನಹುಳು, ಒಂದು ಸೀ ಅರ್ಚಿನ್. ಮೇಯೋ ಪ್ರಾಣಿಯ ಬೆಲೆ ಕೆರಿಬಿಯನ್ ಕಡಲಿಗೆ ಗೊತ್ತು. 1983ರಲ್ಲಿ ಪನಾಮಾ ಕಡೆಯಿಂದ ಶುರುವಾದ ಒಂದು ರೋಗ ಮುಂದಿನ ವರ್ಷದೊಳಗೆ ಅಲ್ಲಿನ ಉದ್ದಮುಳ್ಳಿನ ಕಪ್ಪು ಅರ್ಚಿನ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಕೊಂದಿತು. ಜಮೈಕಾದಲ್ಲಿ ಪಾಚಿ ತಿನ್ನೋ ಮೀನನ್ನು ಜನ ಮೊದಲೇ ಹಿಡಿದು ಮುಗಿಸಿದ್ದರು, 1980ರ ಚಂಡಮಾರುತ ಬೇರೆ ಹವಳವನ್ನು ಮುರಿದು ಹಾಕಿತ್ತು. ಅರ್ಚಿನ್ನೂ ಹೋದಮೇಲೆ ಹವಳ ಇದ್ದ ಜಾಗಕ್ಕೆಲ್ಲ ಪಾಚಿ ಬಂತು. ಅಪ್ಪಯ್ಯನಿಗೆ ಈ ಕಥೆ ಹೇಳಿದ ಮೇಲೆ ಅರ್ಚಿನ್ ರಾತ್ರಿ ಎಲ್ಲಿ ಮಲಗ್ತು, ಬೆಳಿಗ್ಗೆ ಎಲ್ಲಿತ್ತು ಅನ್ನೋ ವರದಿ ನನಗೆ ದಿನಾ ಕಾಫಿ ಜೊತೆ ಸಿಗ್ತಿತ್ತು.

ನಾಲ್ಕು ತಿಂಗಳು ಹಿಡಿಯಿತು. ಕಲ್ಲು ಕುಡಿದಿದ್ದ ಫಾಸ್ಫೇಟನ್ನು ಅದು ತನ್ನ ಪುರುಸೊತ್ತಿನಲ್ಲೇ ಬಿಡೋದು, ಅವಸರ ಮಾಡಿ ಪ್ರಯೋಜನ ಇಲ್ಲ. ಮಾರ್ಚಿನಲ್ಲಿ ಹ್ಯಾಮರ್ ಕೋರಲ್ಲಿನ ಮೂರು ತಲೆ ಅರಳಿದವು, ಎರಡು ಸತ್ತವು. ಕಿಟಕಿ ಹತ್ತಿರದ ಕುರ್ಚಿ ಯಾವಾಗಲೋ ತೊಟ್ಟಿಯ ಮುಂದೆ ಬಂದಿತ್ತು. ಎರಡನೇ ಸಲ ಅನ್ನ ಹಾಕಿಸಿಕೊಳ್ಳೋದೂ ಶುರುವಾಗಿತ್ತು.

ಮೇ ತಿಂಗಳಲ್ಲಿ ಊರಿಗೆ ಹೋದರು, ಮಳೆಗೆ ಮುಂಚೆ ಬೋರ್ಡೋ ಹೊಡೆಸಬೇಕು ಅಂತ. ಈಗ ಹೊಡೆಯೋದು ಕೊನೆಗೌಡ, ಇವರು ಕೆಳಗೆ ನಿಂತು ತಲೆ ಎತ್ತಿಕೊಂಡು ಜೋರು ಮಾಡೋದು. ಹೋದ ವಾರ ವೀಡಿಯೋ ಕಾಲಿನಲ್ಲಿ ಫೋನನ್ನು ತೊಟ್ಟಿ ಕಡೆ ತಿರುಗಿಸು ಅಂದರು. ತಿರುಗಿಸಿದೆ. "ಬಲಗಡೆ ಪಂಪಿನ ಹಿಂದೆ ನೋಡಿದ್ಯನಾ?" ಅಂದರು. ನೋಡಿದೆ. ಬೆರಳುದ್ದ ಬೆಳೆದಿತ್ತು.