ಹಿಡಿದಷ್ಟೇ ಹಿಡಿಯುವ ಬ್ರೇಕು

ಕಾರಿನ ಹುಚ್ಚಿನವರು ಸೇರಿದರೆ ಮಾತು ಎಂಜಿನ್ನಿಗೇ ಹೋಗುತ್ತದೆ. ಎಷ್ಟು ಅಶ್ವಶಕ್ತಿ, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು. ನಿಲ್ಲುವ ಸುಖದ ಬಗ್ಗೆ ಬಾಯಿ ಬಿಡುವವರು ಕಡಿಮೆ. ನನಗಂತೂ ಒಳ್ಳೆಯ ಸ್ಪೋರ್ಟ್ಸ್ ಕಾರಿನ ರುಚಿ ಹತ್ತುವುದು ಬ್ರೇಕ್ ಪೆಡಲಿನಲ್ಲಿ. ತಿರುವಿಗೆ ತುಸು ಮುಂಚೆ ಬಲಗಾಲು ಇಳಿದಾಗ ಕೇಳಿದಷ್ಟು ಹಿಡಿದು, ಕಾಲು ಸಡಿಲಿಸಿದಷ್ಟೇ ಬಿಡಬೇಕು. ಹಿಡಿಯುವುದನ್ನು ಎಲ್ಲರೂ ಹೊಗಳುತ್ತಾರೆ. ಹದವಾಗಿ ಬಿಡುವ ಬ್ರೇಕ್ ಪ್ಯಾಡು ಸಿಗುವುದೇ ಕಷ್ಟ.

ನನ್ನದು ಮಾಜ್ದಾ ಮಿಯಾಟಾ. 1989ರಲ್ಲಿ ಶಿಕಾಗೊ ಆಟೊ ಶೋದಲ್ಲಿ ಮೊದಲು ಕಾಣಿಸಿಕೊಂಡ, ಇವತ್ತಿಗೂ ಒಂದು ಟನ್ನಿನ ಆಸುಪಾಸಿನಲ್ಲೇ ತೂಗುವ ಎರಡು ಸೀಟಿನ ಪುಟ್ಟ ಕಾರು. ವಾರವಿಡೀ ಕ್ಯಾಲಿಫೋರ್ನಿಯಾದ ಸನ್ನಿವೇಲಿನ ಟ್ರಾಫಿಕ್ಕಿನಲ್ಲಿ ಆಫೀಸಿಗೆ ಹೋಗಿ ಬರುತ್ತದೆ. ಶನಿವಾರ ಬೆಳಿಗ್ಗೆ ಸಾರಾಟೋಗದಿಂದ ಹೈವೇ ಒಂಬತ್ತು ಹಿಡಿದು ಸ್ಕೈಲೈನ್ ಬೆಟ್ಟಸಾಲು ಏರುತ್ತದೆ, ಅದೇ ದಾರಿಯಲ್ಲಿ ಇಳಿಯುತ್ತದೆ. ಈ ಎರಡೂ ಕೆಲಸಕ್ಕೆ ಒಂದೇ ಪ್ಯಾಡು ಬೇಕು ಎನ್ನುವಲ್ಲಿ ಆಯ್ಕೆಯ ಕಷ್ಟವೂ ಇದೆ, ಸೊಗಸೂ ಇದೆ.

ಬ್ರೇಕಿನ ಕೆಲಸವೆಂದರೆ ಓಟವನ್ನು ಬಿಸಿಯಾಗಿ ಬದಲಿಸುವುದು. ಒಂದು ಟನ್ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ನಿಂತರೆ ಸುಮಾರು 385 ಕಿಲೋಜೂಲ್ ಶಾಖ ಹುಟ್ಟುತ್ತದೆ; ಒಂದು ಲೀಟರ್ ತಣ್ಣೀರನ್ನು ಕುದಿಗೆ ತರಲು ಅಷ್ಟು ಬೇಡ. ವೇಗ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಅದನ್ನೆಲ್ಲ ನುಂಗಬೇಕಾದ್ದು ಚಕ್ರದೊಂದಿಗೆ ತಿರುಗುವ ಡಿಸ್ಕು ಮತ್ತು ಅದನ್ನು ಅದುಮಿ ಹಿಡಿಯುವ, ಅಂಗೈಯಲ್ಲಿ ಹಿಡಿಸುವ ಪ್ಯಾಡುಗಳು. ಊರಲ್ಲಿ ಚಾರ್ಮಾಡಿ ಘಾಟಿ ಇಳಿದು ಉಜಿರೆ ಕಡೆ ಬರುವ ಬಸ್ಸಿನ ಪಕ್ಕದಲ್ಲಿ ನಿಂತವರಿಗೆ ಆ ಸುಟ್ಟ ವಾಸನೆ ಗೊತ್ತಿರುತ್ತದೆ. ಬ್ರೇಕಿನ ಉಜ್ಜುಪದರವಾದ ಲೈನಿಂಗಿನ ಪುಡಿಗಳನ್ನು ಹಿಡಿದಿಡುವ ರಾಳ ಕಾದು ಅನಿಲ ಬಿಡುವ ವಾಸನೆ ಅದು. ಆ ಹೊತ್ತಿಗೆ ಪೆಡಲ್ ಎಷ್ಟು ಒತ್ತಿದರೂ ಬ್ರೇಕು ಮೊದಲಿನಂತೆ ಕಚ್ಚುವುದಿಲ್ಲ.

ನಂಬಬಹುದಾದ ಬ್ರೇಕಿನ ಹುಡುಕಾಟ ಕಾರಿನಷ್ಟೇ ಹಳೆಯದು. 1888ರ ಆಗಸ್ಟಿನಲ್ಲಿ ಬೆರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಗಂಡ ಕಟ್ಟಿದ ಮೋಟಾರು ಗಾಡಿಯಲ್ಲಿ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟರು. ಇಳಿಜಾರಿನಲ್ಲಿ ಮರದ ಬ್ರೇಕು ಸವೆಯಿತು. ದಾರಿಯಲ್ಲೊಬ್ಬ ಚಮ್ಮಾರನಿಂದ ಅದಕ್ಕೆ ಚರ್ಮ ಹೊಡೆಸಿಕೊಂಡು ಮುಂದೆ ನಡೆದರು. ಒಂಬತ್ತು ವರ್ಷ ಕಳೆದು ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಳಲ್ಲಿ ಹರ್ಬರ್ಟ್ ಫ್ರೂಡ್ ಕುದುರೆಗಾಡಿಗಳ ಬ್ರೇಕಿಗೆ ಒಳ್ಳೆಯ ಲೈನಿಂಗ್ ಮಾಡಲು ಹೊರಟ. ಫೆರೊಡೊ ಕಂಪನಿ ಹುಟ್ಟಿದ್ದು ಹಾಗೆ.

ಪ್ಯಾಡು ಕೈಗೆ ಬಂದಾಗ ನಾನು ಮೊದಲು ತಿರುವಿ ನೋಡುವುದು ಅದರ ಅಂಚನ್ನು. ಅಮೆರಿಕದಲ್ಲಿ ಮಾರುವ ಪ್ಯಾಡಿನ ಅಂಚಿನಲ್ಲಿ ಉದ್ದನೆಯ ಸಂಕೇತವೊಂದು ಅಚ್ಚಾಗಿರುತ್ತದೆ. ಅದರಲ್ಲಿ ಜೋಡಿ ಅಕ್ಷರ ಹುಡುಕಬೇಕು. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿನ ಹಿಡಿತ, ಎರಡನೆಯದು ಚೆನ್ನಾಗಿ ಕಾದಾಗಿನದು. ‘ಇ’ ಅಂದರೆ ಘರ್ಷಣಾಂಕ 0.25ರಿಂದ 0.35, ‘ಎಫ್’ ಅಂದರೆ 0.35ರಿಂದ 0.45, ‘ಜಿ’ ಅದಕ್ಕೂ ಮೇಲೆ. ‘ಎಫ್‌ಇ’ ಇದ್ದರೆ ಕಾದಂತೆ ಹಿಡಿತ ಇಳಿಯುತ್ತದೆ ಎಂದು ಓದಿಕೊಳ್ಳಬೇಕು. ಪ್ಯಾಡಿನ ಪೆಟ್ಟಿಗೆಯ ಮೇಲೆ ಸಣ್ಣ ಎಲೆಗಳ ಗುರುತು. ಸವೆದ ಪ್ಯಾಡಿನ ತಾಮ್ರ ಮಳೆನೀರಿನೊಂದಿಗೆ ಹೊಳೆಗೆ ಸೇರಿ ಸಾಲ್ಮನ್ ಮೀನಿಗೆ ವಿಷವಾಗುತ್ತದೆಂದು ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳು 2010ರಲ್ಲಿ ಕಾನೂನು ಮಾಡಿದವು. ಮೂರು ಎಲೆ ತುಂಬಿದ್ದರೆ ತಾಮ್ರ ಅರ್ಧ ಶೇಕಡಾಕ್ಕಿಂತ ಕಡಿಮೆ. ಇಷ್ಟು ಸಣ್ಣ ಗುರುತಿನ ಹಿಂದೆ ಒಂದು ಹೊಳೆಯ ಕಾಳಜಿ ಇದೆಯಲ್ಲ, ನನಗೆ ಖುಷಿ.

ರೇಸ್ ಪ್ಯಾಡು ಹಾಕಿಸಿದರೆ ಎಲ್ಲಕ್ಕಿಂತ ಒಳ್ಳೆಯದು ಎಂಬ ನಂಬಿಕೆ ಬಲವಾಗಿದೆ. ನಾನು ಒಪ್ಪುವುದಿಲ್ಲ. ಅವು ಕಾದಮೇಲೆ ಕಚ್ಚುತ್ತವೆ. ತಣ್ಣಗಿದ್ದಾಗ ಹಿಡಿತವೂ ಸಾಲದು, ಡಿಸ್ಕನ್ನೂ ತಿನ್ನುತ್ತವೆ, ಸಿಗ್ನಲ್ಲಿಗೆ ನಿಲ್ಲುವಾಗಲೆಲ್ಲ ಕಿರುಚುತ್ತವೆ. ಆಫೀಸಿನ ದಾರಿಯಲ್ಲಿ ಡಿಸ್ಕು ಅಷ್ಟು ಕಾಯುವುದೇ ಇಲ್ಲ. ಚಳಿಗಾಲದ ಬೆಳಿಗ್ಗೆ ಮನೆ ರಸ್ತೆಯ ತುದಿಯಲ್ಲಿ ಮಗುವೊಂದು ಚೆಂಡಿನ ಹಿಂದೆ ಓಡಿಬಂದರೆ ಕಾರು ನಿಲ್ಲಬೇಕಾದ್ದು ತಣ್ಣನೆಯ ಪ್ಯಾಡಿನ ಮೇಲೆ. ದಿನಬಳಕೆಯ ಕಾರಿಗೆ ನನ್ನ ಮೊದಲ ಪರೀಕ್ಷೆ ಇದು. ಉಳಿದದ್ದೆಲ್ಲ ಆಮೇಲೆ.

ಅದಕ್ಕೇ ನಾನು ಪೋರ್ಟರ್‌ಫೀಲ್ಡ್ ಆರ್‌4-ಎಸ್‌ಗೆ ಬಂದು ನಿಂತೆ. ರಸ್ತೆಗೆಂದೇ ಮಾಡಿದ ಕಾರ್ಬನ್-ಕೆವ್ಲಾರ್ ಮಿಶ್ರಣ. ಮೊದಲ ಒತ್ತಿಗೇ ಹಿಡಿಯುತ್ತದೆ, ಚಕ್ರಕ್ಕೆ ಕಪ್ಪು ಪುಡಿ ಹೆಚ್ಚು ಬಳಿಯುವುದಿಲ್ಲ. ಸ್ಕೈಲೈನಿನಿಂದ ಇಳಿಯುವಾಗ ಗೇರಿನ ಹಿಡಿತವನ್ನೂ ಬಳಸಿಕೊಂಡರೆ ಕೆಳಗಿನ ಕೊನೆಯ ತಿರುವಿನ ತನಕ ಪೆಡಲ್ ಒಂದೇ ಎತ್ತರದಲ್ಲಿರುತ್ತದೆ. ಫೆರೊಡೊದ ಡಿಎಸ್2500 ಇದಕ್ಕಿಂತ ಬಿಸಿ ತಡೆಯುತ್ತದೆ. ಆಗಾಗ ಟ್ರ್ಯಾಕಿಗೆ ಹೋಗುವವರು ಅದರ ಕಿರುಚಾಟ ಸಹಿಸಿಕೊಳ್ಳಬಹುದು.

ಹೊಸ ಪ್ಯಾಡನ್ನು ಪಳಗಿಸುವ ಕೆಲಸ ನನಗೆ ಬಹಳ ಇಷ್ಟ. ಖಾಲಿ ರಸ್ತೆಯಲ್ಲಿ ವೇಗ ಹಿಡಿದು, ಪೂರ್ತಿ ನಿಲ್ಲದಂತೆ ಗಟ್ಟಿಯಾಗಿ ಬ್ರೇಕ್ ಹಾಕಿ, ಮತ್ತೆ ವೇಗ, ಮತ್ತೆ ಬ್ರೇಕು. ಪ್ಯಾಡಿನ ಪದಾರ್ಥ ತೆಳ್ಳಗೆ ಡಿಸ್ಕಿಗೆ ಮೆತ್ತಿಕೊಳ್ಳುತ್ತ ಹೋದಂತೆ ಪೆಡಲಿನ ಒರಟುತನ ಕರಗಿ ಹಿಡಿತ ತುಂಬಿ ಬರುವುದು ಕಾಲಿಗೇ ತಿಳಿಯುತ್ತದೆ. ಆಮೇಲೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ತಣಿಸಬೇಕು.

ಪ್ಯಾಡಿಗೆ ದುಡ್ಡು ಹಾಕುವವರು ಬ್ರೇಕ್ ಆಯಿಲನ್ನು ಮರೆಯಬೇಡಿ. ಡಾಟ್ 4 ಆಯಿಲ್ ಹೊಸತಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಟ್ಟ 155ರವರೆಗೂ ಇಳಿಯಬಹುದು. ಎರಡು ವರ್ಷಕ್ಕೊಮ್ಮೆ ಬದಲಿಸಿ. ಪ್ಯಾಡು ಹಾಕಿದ ದಿನ ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ಹಿಂದಕ್ಕೆ ಸರಿದಿರುತ್ತದೆ. ಮೊದಲ ಒತ್ತು ಪೊಳ್ಳಾಗಿ ನೆಲಕ್ಕೆ ಹೋಗುತ್ತದೆ. ಕಾರು ಕದಲಿಸುವ ಮುಂಚೆ ಪೆಡಲ್ ಗಟ್ಟಿಯಾಗುವ ತನಕ ಒತ್ತಿ ಒತ್ತಿ ನೋಡಿ.