ರಿಲೇ ಎಂಬ ವಾಲೀಕಾರ

ನಮ್ಮ ಸೀಮೆಯಲ್ಲಿ ಮಳೆಗೆ ಬರ ಬಂದೀತು, ಕಲ್ಲಿಗೆ ಬರವಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಎಂದು ಎತ್ತ ಹೋದರೂ ನೆಲದಡಿಯಲ್ಲಿ ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಮಲಗಿರುವ ಸುಣ್ಣಗಲ್ಲಿನ ಪದರುಗಳು. ಅದನ್ನು ಸುಟ್ಟು ಅರೆದರೆ ಸಿಮೆಂಟು, ಸೀಳಿ ತೆಗೆದರೆ ಶಾಬಾದಿ ಪರ್ಸಿ. ಆಡಕಿಯ ನಮ್ಮ ಮನೆಯ ಪಡಸಾಲೆಗೆ ಹಾಸಿದ್ದೂ ಅದೇ ಪರ್ಸಿ. ಬೇಸಗೆಯ ಮಧ್ಯಾಹ್ನ ಬರಿ ಮೈಯಲ್ಲಿ ಅದರ ಮೇಲೆ ಹೊರಳಾಡಿ ಬೆಳೆದ ನನಗೆ, ಮುಂದೆ ಆ ಕಲ್ಲೇ ಅನ್ನ ಕೊಟ್ಟೀತೆಂಬ ಕಲ್ಪನೆ ಇರಲಿಲ್ಲ. ಕಲ್ಲು ಕೆತ್ತುವ ಯಂತ್ರಗಳಿಗೆ ತಂತಿ ಕಟ್ಟುವುದು ಈಗ ನನ್ನ ಉದ್ಯೋಗ.

ಹಿಂದೆ ಉಳಿ ಸುತ್ತಿಗೆ ಹಿಡಿದು ದಿನಗಟ್ಟಲೆ ಕೂತು ಕೆತ್ತುತ್ತಿದ್ದ ಹೂಬಳ್ಳಿಗಳನ್ನು, ಹೆಸರಿನ ಫಲಕಗಳನ್ನು ಈಗ ಯಂತ್ರ ಕೆಲವು ತಾಸುಗಳಲ್ಲಿ ಕೆತ್ತಿಬಿಡುತ್ತದೆ. ಈ ಯಂತ್ರದ ಸಂಸಾರ ಸ್ವಲ್ಪ ವಿಚಿತ್ರವಾದದ್ದು. ಅದಕ್ಕೆ ಯಜಮಾನರು ಇಬ್ಬರು. ಒಬ್ಬ ಕಂಟ್ರೋಲರ್. ಉಳಿ ಎತ್ತ ಸರಿಯಬೇಕು, ಎಷ್ಟು ಇಳಿಯಬೇಕು ಎಂದು ಲೆಕ್ಕ ಹಾಕಿ ಹೇಳುವವನು. ಮೈ ತೀರ ನಾಜೂಕು. 5 ವೋಲ್ಟು, ಹೆಚ್ಚೆಂದರೆ 24 ವೋಲ್ಟು ಅವನ ಆಹಾರ. ಇನ್ನೊಬ್ಬ ಡ್ರೈವ್. ಉಳಿಯನ್ನು ಹಿಡಿದು ತಿರುಗಿಸುವ ಸ್ಪಿಂಡಲ್ ಮೋಟಾರಿನ ಒಡೆಯ. ಕಂಬದಿಂದ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ತೂಗಿದರೆ, ಅವನು ಅದನ್ನು ಮುರಿದು ಕಟ್ಟಿ 400 ಸಲ ತೂಗಿಸಬಲ್ಲ. ಆಗ ಸ್ಪಿಂಡಲ್ ನಿಮಿಷಕ್ಕೆ 24,000 ಸುತ್ತು ತಿರುಗುತ್ತದೆ. ಅವನ ಹೊಟ್ಟೆಯೊಳಗೆ ನೂರಾರು ವೋಲ್ಟು ಕುದಿಯುತ್ತಿರುತ್ತದೆ. ಗುಂಡಿ ಆರಿಸಿದ ಮೇಲೂ ಕೆಲವು ನಿಮಿಷ ಮುಟ್ಟುವಂತಿಲ್ಲ. ಇಂಥ ಪೈಲವಾನನನ್ನೂ ಅಂಥ ಲೆಕ್ಕಿಗನನ್ನೂ ನೇರವಾಗಿ ಕೈ ಕೈ ಹಿಡಿಸಿದರೆ, ಪೈಲವಾನ ಒಮ್ಮೆ ಸೀನಿದರೂ ಸಾಕು, ಲೆಕ್ಕಿಗನ ಕಥೆ ಮುಗಿಯಿತು.

ಆದ್ದರಿಂದ ನಡುವೆ ಒಬ್ಬ ಬೇಕು. ಅವನೇ ರಿಲೇ. ನಮ್ಮ ಊರುಗಳಲ್ಲಿ ಗೌಡರ ಮಾತನ್ನು ಹೊತ್ತು ಓಣಿ ಓಣಿ ತಿರುಗುತ್ತಿದ್ದ ವಾಲೀಕಾರನನ್ನು ಕಂಡವರಿಗೆ ರಿಲೇ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಗೂಡು. ಒಳಗೆ ಕಬ್ಬಿಣದ ತುಂಡಿಗೆ ಸುತ್ತಿದ ತಾಮ್ರದ ಸುರುಳಿ, ಒಂದು ಪುಟ್ಟ ಸನ್ನೆ, ಒಂದು ಸ್ಪ್ರಿಂಗು. ಕಂಟ್ರೋಲರ್ ಸುರುಳಿಗೆ ಸ್ವಲ್ಪ ವಿದ್ಯುತ್ತು ಕೊಟ್ಟ ಕೂಡಲೆ ಕಬ್ಬಿಣ ಅಯಸ್ಕಾಂತವಾಗಿ ಸನ್ನೆಯನ್ನು ಎಳೆಯುತ್ತದೆ. 'ಟಕ್' ಎಂದು ಎರಡು ತುದಿ ಕೂಡುತ್ತವೆ. ಆ ತುದಿಗಳು ಡ್ರೈವಿನ ಕಡೆಯವು. ಮಾತು ದಾಟಿತು, ವಿದ್ಯುತ್ತು ಮಾತ್ರ ದಾಟಲಿಲ್ಲ. ಮುಂದಕ್ಕೆ ತಿರುಗು ಎನ್ನಲು ಒಂದು ರಿಲೇ, ಹಿಂದಕ್ಕೆ ತಿರುಗು ಎನ್ನಲು ಇನ್ನೊಂದು. ಎರಡೂ ಒಟ್ಟಿಗೆ ಬಾಯಿ ತೆರೆಯದಂತೆ ಒಂದರ ದಾರಿಯನ್ನು ಇನ್ನೊಂದರ ಮೂಲಕ ಹಾಯಿಸಬೇಕು. ವೇಗ ಹೇಳಲು ಮೂರು ರಿಲೇ ಇಟ್ಟರೆ ಅವುಗಳ ಕೂಡಿಕೆಯಿಂದ ಎಂಟು ಬಗೆಯ ಅಪ್ಪಣೆ ಕೊಡಬಹುದು. ವಾಲೀಕಾರನೂ ಕೆಲಸ ಬಿಡುವಾಗ ಸಿಟ್ಟು ಮಾಡುವುದುಂಟು: ವಿದ್ಯುತ್ತು ನಿಂತ ಕ್ಷಣದಲ್ಲಿ ಸುರುಳಿ ತಿರುಗಿ ಒದೆಯುತ್ತದೆ. ಆ ಒದೆತವನ್ನು ಅಲ್ಲೇ ಇಂಗಿಸಲು ಅದರ ಕಾಲಿಗೆ ಒಂದು ಡಯೋಡ್ ಕಟ್ಟಬೇಕು.

ರಿಲೇ ಎಂಬ ಹೆಸರೇ ಓಡಾಟದ್ದು. ದೂರದ ಪ್ರಯಾಣದಲ್ಲಿ ದಣಿದ ಕುದುರೆಯ ಬದಲಿಗೆ ದಾರಿಯಲ್ಲಿ ಸಿದ್ಧವಾಗಿ ನಿಲ್ಲಿಸಿದ ಹೊಸ ಕುದುರೆಗೆ ಯೂರೋಪಿನವರು ಆ ಹೆಸರಿಟ್ಟಿದ್ದರು. 1835ರ ಸುಮಾರಿಗೆ ಅಮೆರಿಕದ ಜೋಸೆಫ್ ಹೆನ್ರಿ ವಿದ್ಯುತ್ತಿನ ರಿಲೇಯನ್ನು ಮಾಡಿದ. ತಂತಿಯಲ್ಲಿ ಹೋಗುತ್ತ ಹೋಗುತ್ತ ಬಡವಾದ ಸುದ್ದಿಗೆ ಅದೂ ಹೊಸ ಕುದುರೆಯಾಯಿತು. ನಮ್ಮ ದೇಶದ ತಾರು 2013ರ ಜುಲೈಯಲ್ಲಿ ಮುಗಿದುಹೋಯಿತು. ಆದರೆ ಕುದುರೆ ಬದುಕಿದೆ.

ಇಲ್ಲಿಯವರೆಗೆ ಹೇಳಿದ್ದು ಹೋಗುವ ಮಾತು. ಬರುವ ಮಾತೂ ಇದೆಯಲ್ಲ! ಗೌಡರ ಅಪ್ಪಣೆ ಮುಟ್ಟಿಸಿ ಅತ್ತಲೇ ಹೋದ ವಾಲೀಕಾರನಿಂದ ಅರ್ಧ ಕೆಲಸವಷ್ಟೇ ಆದಂತೆ. 'ನಾನು ನೆಟ್ಟಗಿದ್ದೇನೆ' ಎಂದು ಡ್ರೈವ್ ಮರುಮಾತು ಕಳಿಸಬೇಕು. ಇದನ್ನು ಎರಡು ರೀತಿಯಲ್ಲಿ ಕಟ್ಟಬಹುದು. ಕೇಡು ಬಂದಾಗ ಕೂಗು ಎಂದು ಕಟ್ಟುವುದು ಒಂದು. ನೆಟ್ಟಗಿರುವಷ್ಟು ಹೊತ್ತೂ ಹೇಳುತ್ತಲೇ ಇರು, ಕೇಡು ಬಂದರೆ ಸುಮ್ಮನಾಗು ಎಂದು ಕಟ್ಟುವುದು ಇನ್ನೊಂದು. ಮೇಲುನೋಟಕ್ಕೆ ಎರಡೂ ಒಂದೇ. ಆದರೆ ಇಲಿ ತಂತಿಯನ್ನು ಕಡಿದ ದಿನ ಅಂತರ ತಿಳಿಯುತ್ತದೆ. ಮೊದಲನೆಯದರಲ್ಲಿ ಕೂಗುವ ಬಾಯಿಯೇ ಹೋಗಿರುತ್ತದೆ. ಯಂತ್ರ ಎಲ್ಲ ಕ್ಷೇಮವೆಂದು ತಿಳಿದು ನಡೆಯುತ್ತಲೇ ಇರುತ್ತದೆ. ಎರಡನೆಯದರಲ್ಲಿ ತಂತಿ ಹರಿದರೂ ಮೌನ, ಕೇಡು ಬಂದರೂ ಮೌನ. ಮೌನವಾದ ಕೂಡಲೆ ಯಂತ್ರ ನಿಲ್ಲುತ್ತದೆ. ರೈಲಿನವರಿಗೆ ಇದು ಹಳೆಯ ಪಾಠ. ಸಿಕಂದರಾಬಾದಿನಿಂದ ವಾಡಿಗೆ ನಿಜಾಮರ ರೈಲು ಬಂದದ್ದು 1874ರಲ್ಲಿ. ಆ ಕಾಲದ ರೈಲುಗಳಿಗೆ ದಾರಿ ತೋರಿಸುತ್ತಿದ್ದದ್ದು ಕೈಮರ. ಎಳೆಯುವ ತಂತಿ ಹರಿದರೆ ತೂಕದ ಬಲದಿಂದ ಕೈ ತಾನಾಗಿ 'ನಿಲ್ಲು' ಎಂಬ ನಿಲುವಿಗೆ ಮರಳುವಂತೆ ಅದನ್ನು ಮಾಡಿರುತ್ತಿದ್ದರು.

ಕಳೆದ ಬೇಸಗೆಯಲ್ಲಿ ಒಂದು ಕಲ್ಲಿನ ಕಾರಖಾನೆಗೆ ನನ್ನನ್ನು ಕರೆಸಿದ್ದರು. ಅಲ್ಲಿಯ ಯಂತ್ರದಲ್ಲಿ ಡ್ರೈವಿನ ಕ್ಷೇಮದ ಮಾತು, ಸ್ಪಿಂಡಲನ್ನು ತಂಪಾಗಿಡುವ ನೀರಿನ ಸ್ವಿಚ್ಚು, ಕೆಂಪು ನಿಲುಗಡೆ ಗುಂಡಿ ಮೂರನ್ನೂ ಒಂದೇ ಸುತ್ತಿನಲ್ಲಿ ಪೋಣಿಸಲಾಗಿತ್ತು. ಎಲ್ಲಿ ಕಡಿದರೂ ಅಪ್ಪಣೆಯ ರಿಲೇ ಬಿಟ್ಟುಕೊಳ್ಳಬೇಕು, ಸ್ಪಿಂಡಲ್ ನಿಲ್ಲಬೇಕು. ಮಾಲೀಕರು ನನ್ನನ್ನು ಕಂಡೊಡನೆ ಶುರು ಮಾಡಿದರು.

"ಮಿಸ್ತ್ರಿ, ತಾಸಿಗೊಮ್ಮೆ ನಿಂದ್ರಲತ್ಯಾದ ನೋಡ್ರಿ. ಸೋಮವಾರ ಗುಡಿ ಕಳಸ ಅದ, ಫಲಕ ಕೊಡಬೇಕು. ಆ ಸುತ್ತಿನ ವಾಯರ್ ಕಿತ್ತಿ ಎರಡು ತುದಿ ಕೂಡಿಸಿ ಬಿಡ್ರಿ, ಸಾಕು."

ಯಂತ್ರದ ಬಳಿ ಇಪ್ಪತ್ತರ ಆಚೀಚಿನ ಹುಡುಗನೊಬ್ಬ ನಿಂತಿದ್ದ. ಮೊಣಕೈವರೆಗೆ ಬಿಳಿ ರಾಡಿ. "ನಿಂತಾಗೆಲ್ಲ ಏನು ಮಾಡ್ತಿ ತಮ್ಮಾ?" ಎಂದೆ.

"ಉಳಿ ಸುತ್ತ ಕಲ್ಲಿನ ರಾಡಿ ಕೂತಿರ್ತದ್ರಿ ಕಾಕಾ. ಕೈ ಹಾಕಿ ತೆಗೀತೀನಿ."

ಮಾಲೀಕರಿಗೆ ನಾನು ಕೆಂಪು ಗುಂಡಿಯನ್ನು ತೋರಿಸಿದೆ. "ಇದೂ ಅದೇ ಸುತ್ತಿನಾಗ ಅದರಿ. ತುದಿ ಕೂಡಿಸಿದ್ರ ಇದನ್ನ ಒತ್ತಿದ್ರೂ ಸ್ಪಿಂಡಲ್ ನಿಂದ್ರಂಗಿಲ್ಲ. ಈ ಹುಡುಗನ ಕೈ ಎಲ್ಲಿರ್ತದ ಅಂತ ಅವನೇ ಹೇಳಿದ್ನಲ್ರಿ."

ಅವರು ಮರುಮಾತಾಡದೆ ಒಳಗೆ ಹೋದರು. ನಾನು ವಿದ್ಯುತ್ತು ಆರಿಸಿ, ಮೀಟರು ಹಿಡಿದು ಸುತ್ತಿನ ಒಂದೊಂದೇ ಗಂಟನ್ನು ನೋಡಿದೆ. ಗುಂಡಿ ಸರಿ, ಡ್ರೈವಿನ ಮಾತು ಸರಿ. ಕೊನೆಗೆ ನೀರಿನ ಸ್ವಿಚ್ಚು. ಅದೂ ಸರಿಯೇ ಇತ್ತು; ಸರಿಯಿಲ್ಲದ್ದು ನೀರು. ತೊಟ್ಟಿಯ ತಳದ ರಾಡಿ ಕೊಳವೆಗೆ ಹೋಗಿ ಅರ್ಧ ಕಟ್ಟಿಕೊಂಡಿತ್ತು. ನೀರು ಸಣ್ಣಗಾದಾಗೆಲ್ಲ ಸ್ವಿಚ್ಚು ಸುಮ್ಮನಾಗುತ್ತಿತ್ತು. ಮಾಲೀಕರ ಮಾತಿನಂತೆ ತುದಿ ಕೂಡಿಸಿದ್ದರೆ ನೀರಿಲ್ಲದ ಸ್ಪಿಂಡಲ್ ಕಾದು ಸುಟ್ಟುಹೋಗುತ್ತಿತ್ತು. ಹುಡುಗನೂ ನಾನೂ ಸೇರಿ ಕೊಳವೆ ತೊಳೆದೆವು. ಹೀರುವ ಬಾಯಿಯನ್ನು ತಳದಿಂದ ಒಂದು ಗೇಣು ಮೇಲೆತ್ತಿ ಬಟ್ಟೆ ಕಟ್ಟಿದೆವು. ಸಂಜೆಯವರೆಗೆ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಹೊಸ ಸಾಮಾನು ಏನೂ ಹಾಕಲಿಲ್ಲವೆಂದು ಮಾಲೀಕರು ನನ್ನ ಕೂಲಿಯಲ್ಲಿ ನೂರು ರೂಪಾಯಿ ಮುರಿದುಕೊಂಡರು. ಇರಲಿ.

ಹೊರಡುವ ಮುನ್ನ ಹುಡುಗನಿಗೆ ಎರಡು ಮಾತು ಹೇಳಿದೆ. ಅಪ್ಪಣೆ ನಿಂತೊಡನೆ ಸ್ಪಿಂಡಲ್ ನಿಲ್ಲುವುದಿಲ್ಲ. ಓಡುವ ಎತ್ತಿನಂತೆ ಅದಕ್ಕೂ ನಿಲ್ಲಲು ಹೊತ್ತು ಬೇಕು, ಕಣ್ಣಾರೆ ನಿಂತದ್ದನ್ನು ಕಂಡು ಗುಂಡಿ ಒತ್ತಿಟ್ಟೇ ಕೈ ಹಾಕಬೇಕು. ಎರಡನೆಯದು, ರಿಲೇಯನ್ನೂ ಪೂರ್ತಿ ನಂಬಬಾರದು. ಕಿಡಿ ಹಾರಿ ಹಾರಿ ಅದರ ತುದಿಗಳು ಒಮ್ಮೊಮ್ಮೆ ಬೆಸೆದುಕೊಂಡುಬಿಡುತ್ತವೆ. ಬಿಡು ಎಂದರೂ ಬಿಡುವುದಿಲ್ಲ. ಅದಕ್ಕೇ ಜೀವಕ್ಕೆ ಸಂಬಂಧಪಟ್ಟ ಕಡೆ ಎರಡು ರಿಲೇಗಳನ್ನು ಒಂದರ ಹಿಂದೊಂದು ಕಟ್ಟುತ್ತಾರೆ. ಒಬ್ಬ ಮೊಂಡು ಹಿಡಿದರೆ ಇನ್ನೊಬ್ಬನಾದರೂ ಕೈ ಬಿಟ್ಟಾನು.

ಈ ಮೌನದ ಲೆಕ್ಕ ಯಂತ್ರಗಳಿಗಷ್ಟೇ ಸೇರಿದ್ದಲ್ಲವೆಂದು ನನಗೆ ಆಗಾಗ ಅನ್ನಿಸುವುದುಂಟು. ನಮ್ಮ ಊರುಗಳಿಂದ ಮುಂಬಯಿಗೆ, ಪುಣೆಗೆ, ಹೈದರಾಬಾದಿಗೆ ದುಡಿಯಲು ಹೋದವರು ಲೆಕ್ಕವಿಲ್ಲದಷ್ಟು. ಸುದ್ದಿ ಇಲ್ಲವೆಂದರೆ ಚೆನ್ನಾಗಿದ್ದಾರೆಂದೇ ಅರ್ಥ ಎಂದು ಕಟ್ಟೆಯ ಮೇಲೆ ಕೂತವರು ಸಮಾಧಾನ ಹೇಳುತ್ತಾರೆ. ನನ್ನ ಅವ್ವ ಅದನ್ನು ಎಂದೂ ಒಪ್ಪಿದವಳಲ್ಲ. ತಮ್ಮ ಪುಣೆಯಲ್ಲಿದ್ದಷ್ಟು ವರುಷವೂ ಶನಿವಾರ ರಾತ್ರಿ ಅವನ ಫೋನು ಬರಬೇಕು. ಮಾತೇನೂ ಇರುತ್ತಿರಲಿಲ್ಲ; ಉಂಡೆಯಾ, ಉಂಡೆ, ಇಷ್ಟೇ. ಒಂಬತ್ತು ದಾಟಿದರೆ ಅವಳು ನನ್ನನ್ನು ಎಬ್ಬಿಸಿ, ಹಚ್ಚು ಎನ್ನುತ್ತಿದ್ದಳು. ಅತ್ತಲಿಂದ ಅವನ ದನಿ ಕೇಳುವ ತನಕ ಪರ್ಸಿಯ ಮೇಲಿಂದ ಏಳುತ್ತಿರಲಿಲ್ಲ.